ಹಡಗು ಹೆಚ್ಚಾಯಿತು, ಲಾಭ ಕರಗಿತು: ಅಥೆನ್ಸ್–ಇಸ್ತಾಂಬುಲ್ ದಾರಿಯ ಒಂದು ಪ್ರಕರಣ

ಒಂದು ಹಡಗು ಇದ್ದಾಗ ದುಡ್ಡು ಬರುತ್ತಿತ್ತು. ಹಡಗು ಜಾಸ್ತಿ ಆದ ಮೇಲೆ ಬರುವ ದುಡ್ಡು ಕಡಿಮೆ ಆಯಿತು. ಪ್ರಕರಣ ಇಷ್ಟೇ. ಆದರೆ ಯಾಕೆ ಹಾಗಾಯಿತು ಅಂತ ಬಿಡಿಸಿ ನೋಡಿದರೆ, ಸಮುದ್ರ ವ್ಯಾಪಾರದ ಕಂಪ್ಯೂಟರ್ ಆಟಗಳಲ್ಲಿ "ಲಾಭದ ದಾರಿ ಯಾವುದು" ಅಂತ ಕೇಳುವವರೆಲ್ಲ ಒಂದೇ ಕಡೆ ಎಡವುವುದು ಕಾಣುತ್ತದೆ.

ಆಟದ ಹೆಸರು ಅನ್‌ಚಾರ್ಟೆಡ್ ವಾಟರ್ಸ್: ನ್ಯೂ ಹೊರೈಝನ್ಸ್. ಜಪಾನಿನ ಕೋಯಿ ಕಂಪನಿಯದ್ದು. ಅಲ್ಲಿ 1993ರಲ್ಲಿ ಬಂತು, ಇಂಗ್ಲಿಷಿನಲ್ಲಿ 1994ರಲ್ಲಿ. ಹಳೆ ಆಟ, ಚಿತ್ರಗಳೆಲ್ಲ ಚೌಕ ಚೌಕ. ಆದರೂ ವ್ಯಾಪಾರದ ಲೆಕ್ಕ ಈಗಿನ ಎಷ್ಟೋ ಆಟಗಳಿಗಿಂತ ಗಟ್ಟಿ. ಕಥೆ ನಡೆಯುವುದು 16ನೇ ಶತಮಾನದ ಮೊದಲ ಭಾಗದಲ್ಲಿ. ಆರು ಜನ ನಾಯಕರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು. ಪೋರ್ಚುಗಲ್ಲಿನ ಜೊವಾಓ, ಸ್ಪೇನಿನ ಕಟಲಿನಾ, ಇಂಗ್ಲೆಂಡಿನ ಒಟ್ಟೊ, ಹಾಲೆಂಡಿನ ಎರ್ನ್ಸ್ಟ್, ಇಟಲಿಯ ಪಿಯೆತ್ರೊ, ಇಸ್ತಾಂಬುಲ್ಲಿನ ಅಲಿ. ಹೆಸರು ಗಳಿಸುವ ದಾರಿ ಮೂರು: ಸಾಹಸ, ದರೋಡೆ, ವ್ಯಾಪಾರ. ಅಲಿಯದ್ದು ವ್ಯಾಪಾರದ ಕಥೆ.

ಆಡುತ್ತಿದ್ದವನು ನನ್ನ ಅಕ್ಕನ ಮಗ. ಮನೆ ಕೇರಳದ ಕಾಸರಗೋಡು ಕಡೆಯ ಕುಂಬಳೆಯಲ್ಲಿ, ಓದುವುದು ಬಿ.ಕಾಂ. ಅಲಿಯನ್ನೇ ಆರಿಸಿಕೊಂಡಿದ್ದ. ನಾನು ಒಂದು ಅಂಗಡಿಯ ಲೆಕ್ಕ ಬರೆಯುವವನು. ಆಟ ಆಡುವುದಕ್ಕಿಂತ ಪಕ್ಕದಲ್ಲಿ ಕೂತು ಅವನ ವ್ಯಾಪಾರ ನೋಡುವುದರಲ್ಲೇ ನನಗೆ ಖುಷಿ ಜಾಸ್ತಿ. ಮಳೆಗಾಲದಲ್ಲಿ ಕರೆಂಟು ಹೋಗಿ ಹೋಗಿ ಬರುವ ದಿನಗಳಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವ ತನಕ ನಮ್ಮ ವಾದ ನಡೆಯುತ್ತಿತ್ತು.

ಅವನ ದಾರಿ ಈ ಆಟ ಆಡಿದವರಿಗೆಲ್ಲ ಗೊತ್ತಿರುವಂಥದ್ದೇ. ಇಸ್ತಾಂಬುಲ್ಲಿನಲ್ಲಿ ರತ್ನಗಂಬಳಿ ಕೊಳ್ಳುವುದು, ಅಥೆನ್ಸಿನಲ್ಲಿ ಮಾರುವುದು. ಅಥೆನ್ಸಿನಲ್ಲಿ ಕಲಾಕೃತಿ ಕೊಳ್ಳುವುದು, ಇಸ್ತಾಂಬುಲ್ಲಿನಲ್ಲಿ ಮಾರುವುದು. ಎರಡು ಊರಿನ ನಡುವೆ ಕೆಲವೇ ದಿನಗಳ ಪಯಣ. ಮರ್ಮರ ಸಮುದ್ರ ದಾಟಿ, ಡಾರ್ಡನೆಲ್ಸ್ ಎಂಬ ಸಪೂರ ಜಲಸಂಧಿ ಇಳಿದು, ದ್ವೀಪಗಳ ನಡುವೆ ನುಸುಳಿದರೆ ಅಥೆನ್ಸ್. ಈ ದಾರಿಯ ದೊಡ್ಡ ಗುಣ ಅಂದರೆ ಹಡಗು ಯಾವತ್ತೂ ಖಾಲಿ ಓಡುವುದಿಲ್ಲ. ಹೋಗುವಾಗಲೂ ಸರಕು, ಬರುವಾಗಲೂ ಸರಕು. ಎಷ್ಟೋ ಜನ ಒಂದು ಕಡೆಯ ಲಾಭ ಮಾತ್ರ ನೋಡಿ ದಾರಿ ಆರಿಸುತ್ತಾರೆ. ವಾಪಸ್ಸು ಬರುವ ಹಡಗಿನ ಹೊಟ್ಟೆಯಲ್ಲಿ ಬರೀ ನೀರು, ರೊಟ್ಟಿ ಇದ್ದರೆ ಆ ಲಾಭವನ್ನು ಎರಡರಿಂದ ಭಾಗಿಸಬೇಕು ಅನ್ನುವುದು ಅವರ ತಲೆಗೆ ಬರುವುದೇ ಇಲ್ಲ.

ಅಂದ ಹಾಗೆ, ಆಟ ಮಾಡಿದವರು ರತ್ನಗಂಬಳಿಯನ್ನು ಸುಮ್ನೆ ಇಸ್ತಾಂಬುಲ್ಲಿನಲ್ಲಿ ಇಟ್ಟದ್ದಲ್ಲ. ಆ ಕಾಲದಲ್ಲಿ ಅನಾಟೋಲಿಯಾದ, ಅಂದರೆ ಈಗಿನ ಟರ್ಕಿಯ, ಉಶಾಕ್ ಕಡೆಯ ಗಂಬಳಿಗಳಿಗೆ ಯುರೋಪಿನಲ್ಲಿ ಭಾರೀ ಬೇಡಿಕೆ ಇತ್ತು. ಹೋಲ್ಬೈನ್, ಲೊಟ್ಟೊ ಎಂಬ ಚಿತ್ರಕಾರರ ವರ್ಣಚಿತ್ರಗಳಲ್ಲಿ ಮೇಜಿನ ಮೇಲೆ ಹಾಸಿದ ಟರ್ಕಿ ಗಂಬಳಿಗಳು ಎಷ್ಟು ಸಲ ಬಂದಿವೆ ಅಂದರೆ, ಆ ವಿನ್ಯಾಸಗಳಿಗೆ ಈಗಲೂ ಹೋಲ್ಬೈನ್ ಗಂಬಳಿ, ಲೊಟ್ಟೊ ಗಂಬಳಿ ಅಂತಲೇ ಹೆಸರು. ಅಥೆನ್ಸ್ ಆಗ ಆಟೊಮನ್ ತುರ್ಕರ ಕೈಯಲ್ಲಿದ್ದ ಸಣ್ಣ ಊರು. ಇಸ್ತಾಂಬುಲ್ 1453ರಲ್ಲಿ ಅವರ ಕೈಗೆ ಬಂತು, ಅದಾಗಿ ಕೆಲವೇ ವರ್ಷಗಳಲ್ಲಿ ಅಥೆನ್ಸ್ ಕೂಡ. ಅಷ್ಟು ಸಣ್ಣ ಊರು ಹಡಗುಗಟ್ಟಲೆ ಗಂಬಳಿ ಕೊಳ್ಳುವುದು ಆಟದಲ್ಲಿ ಮಾತ್ರ ಸಾಧ್ಯ. ಇರಲಿ.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಸಣ್ಣ ಹಡಗು, ಸ್ವಲ್ಪ ಬಂಡವಾಳ, ಹೋದ ಕಡೆಯೆಲ್ಲ ಲಾಭ. ದುಡ್ಡು ಕೂಡಿದ ಹಾಗೆ ಅವನು ಮಾಡಿದ್ದು ಯಾರಾದರೂ ಮಾಡುವಂಥದ್ದೇ. ಇನ್ನೊಂದು ಹಡಗು ಕೊಂಡ. ಆಮೇಲೆ ಮತ್ತೊಂದು. ಆಟದಲ್ಲಿ ಒಂದು ತಂಡಕ್ಕೆ ಹತ್ತು ಹಡಗು ತನಕ ಇಟ್ಟುಕೊಳ್ಳಬಹುದು. ಪ್ರತಿ ಹಡಗಿಗೂ ಒಬ್ಬ ಕಪ್ತಾನ ಬೇಕು, ಅವರನ್ನು ಊರೂರಿನ ಪಬ್ಬುಗಳಲ್ಲಿ ಹುಡುಕಬೇಕು. ಅಷ್ಟೆಲ್ಲ ಮಾಡಿ ದೊಡ್ಡ ತಂಡ ಕಟ್ಟಿದ. ಸರಕು ಹಾಕುವ ಜಾಗ ಮೊದಲಿನದ್ದರ ಎಷ್ಟೋ ಪಟ್ಟು ಆಯಿತು. ಲಾಭವೂ ಅಷ್ಟೇ ಪಟ್ಟು ಆಗಬೇಕಿತ್ತು, ಅಲ್ವಾ?

ಆಗಲಿಲ್ಲ. "ಎಂತ ಮಾವ ಇದು, ನಾಲ್ಕು ಹಡಗು ಇದ್ದಾಗಲೇ ಇದಕ್ಕಿಂತ ಜಾಸ್ತಿ ಉಳಿಯುತ್ತಿತ್ತು" ಅಂದ.

ಅವನ ಮೊದಲ ಸಂಶಯ ತೆರಿಗೆ ಮೇಲೆ. ಎರಡನೆಯದು ಕಡಲ್ಗಳ್ಳರ ಮೇಲೆ. ಮೂರನೆಯದು ಆಟವೇ ಮೋಸ ಮಾಡುತ್ತಿದೆ, ಶ್ರೀಮಂತನಾದವನನ್ನು ಬೇಕಂತಲೇ ಹಿಂದಕ್ಕೆ ಎಳೆಯುತ್ತಿದೆ ಅಂತ. ಮೂರನೆಯದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ. ಸೋಲುವವರೆಲ್ಲ ಹೇಳುವ ಮಾತು ಅದು. ಮೊದಲೆರಡನ್ನು ಪರೀಕ್ಷೆ ಮಾಡುವುದು ಸುಲಭ, ಪುಸ್ತಕ ಬರೆದರೆ ಸಾಕು. ತಾರೀಕು, ಊರು, ಸರಕು, ಎಷ್ಟು, ಯಾವ ರೇಟಿಗೆ. ಹೊರಟ ದಿನ, ಮುಟ್ಟಿದ ದಿನ. ಅನ್ನ ನೀರಿಗೆ ಹೋದ ದುಡ್ಡು ಬೇರೆ ಕಾಲಮ್ಮಿನಲ್ಲಿ.

ಬಿ.ಕಾಂ. ಓದುವ ಹುಡುಗ ಲೆಕ್ಕ ಪುಸ್ತಕ ಇಲ್ಲದೆ ಇಷ್ಟು ದೊಡ್ಡ ವ್ಯಾಪಾರ ಮಾಡುತ್ತಿದ್ದ ಅನ್ನುವುದು ನನಗೆ ಇನ್ನೂ ಜೀರ್ಣವಾಗಿಲ್ಲ. ಅವನು ನೋಡುತ್ತಿದ್ದದ್ದು ಕೈಯಲ್ಲಿದ್ದ ಒಟ್ಟು ಹಣ ಮಾತ್ರ. ಹೊಸ ಹಡಗು ಕೊಂಡಾಗ ಅದು ಇಳಿಯುತ್ತದೆ, ಮಾರಿದಾಗ ಏರುತ್ತದೆ. ಆ ಏರಿಳಿತದಲ್ಲಿ ವ್ಯಾಪಾರ ಹೇಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಪುಸ್ತಕದ ಒಂದೆರಡು ಹಾಳೆ ತುಂಬುವಷ್ಟರಲ್ಲಿ ರೋಗ ಗೊತ್ತಾಯಿತು. ತೆರಿಗೆಯಲ್ಲಿ ಏರುಪೇರು ಇಲ್ಲ. ಕಡಲ್ಗಳ್ಳರ ಕಾಟ ಒಂದೆರಡು ಸಲ, ಅಷ್ಟೇ. ಕೊಳ್ಳುವ ರೇಟು ಸ್ವಲ್ಪ ಏರಿತ್ತು. ಮಾರುವ ರೇಟು ಮಾತ್ರ ಪ್ರತಿ ಭೇಟಿಗೂ ಕುಸಿಯುತ್ತಿತ್ತು.

ಆಟದಲ್ಲಿ ಪ್ರತಿ ಬಂದರಿನ ಮಾರುಕಟ್ಟೆಗೂ ತನ್ನದೇ ರೇಟು. ನೀವು ಮಾರುತ್ತಾ ಹೋದ ಹಾಗೆ ಇಳಿಯುತ್ತದೆ. ಬಿಟ್ಟು ಹೋದರೆ ದಿನ ಕಳೆದ ಹಾಗೆ ನಿಧಾನಕ್ಕೆ ಮೇಲೆ ಬರುತ್ತದೆ. ಬಂಗುಡೆ ಒಂದೇ ದಿನ ಎಲ್ಲ ಬೋಟಿಗೂ ಸಿಕ್ಕಿತು ಅಂದರೆ ಬೋಟು ಬಂದು ನಿಲ್ಲುವ ಧಕ್ಕೆಯಲ್ಲಿ ಏಲಂ ಎಲ್ಲಿಗೆ ಇಳಿಯುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇವನು ಮಾಡಿದ್ದು ಅದನ್ನೇ. ವ್ಯತ್ಯಾಸ ಏನೆಂದರೆ ಎಲ್ಲ ಬೋಟುಗಳೂ ಇವನದ್ದೇ!

ಅವನಿಗೆ ಹಾಳೆಯ ಮೇಲೆ ಬರೆದು ತೋರಿಸಿದ ಲೆಕ್ಕ ಹೀಗಿದೆ. ಅಂಕಿಗಳು ಆಟದ್ದಲ್ಲ, ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡದ್ದು. ಒಂದು ಗಂಬಳಿಗೆ ಕೊಂಡ ಬೆಲೆ 100. ಅಥೆನ್ಸಿನಲ್ಲಿ ಮಾರುವ ಬೆಲೆ ಶುರುವಿಗೆ 200. ಪ್ರತಿ 50 ಗಂಬಳಿ ಮಾರಿದ ಮೇಲೆ ರೇಟು 10 ಇಳಿಯುತ್ತದೆ ಅಂತ ಇಟ್ಟುಕೊಳ್ಳೋಣ.

200 ಗಂಬಳಿ ತಂದವನು 200, 190, 180, 170ರ ರೇಟಿನಲ್ಲಿ ಐವತ್ತೈವತ್ತು ಮಾರುತ್ತಾನೆ. ಬಂದದ್ದು 37,000. ಖರ್ಚು 20,000. ಉಳಿದದ್ದು 17,000.

400 ತಂದವನು ಅಲ್ಲಿಂದ ಮುಂದಕ್ಕೆ 160, 150, 140, 130ರ ತನಕ ಇಳಿಯಬೇಕು. ಒಟ್ಟು ಬಂದದ್ದು 66,000, ಖರ್ಚು 40,000, ಉಳಿದದ್ದು 26,000. ಸರಕು ಎರಡು ಪಟ್ಟು, ಲಾಭ ಒಂದೂವರೆ ಪಟ್ಟು. ಪರವಾಗಿಲ್ಲ ಅನ್ನಬಹುದು.

600 ತಂದವನ ಕಥೆ ಕೇಳಿ. ಮುಂದಿನ ನಾಲ್ಕು ಕಂತು 120, 110, 100, 90. ಅದರಿಂದ ಬಂದದ್ದು 21,000, ಅದಕ್ಕೆ ಹಾಕಿದ್ದು 20,000. ಅಂದರೆ 200 ಗಂಬಳಿ ಹೆಚ್ಚು ಹೊತ್ತು ತಂದದ್ದಕ್ಕೆ ಸಿಕ್ಕಿದ್ದು ಬರೀ 1,000. ಕೊನೆಯ 50ಕ್ಕಂತೂ ಕೈಯಿಂದಲೇ 500 ಹೋಯಿತು. ಆ 200 ಗಂಬಳಿ ಹೊರಲು ಇಟ್ಟ ಹಡಗು, ಅದರ ಕಪ್ತಾನ, ಖಲಾಸಿಗಳು, ಅವರ ಊಟ, ಇದೆಲ್ಲ ಲೆಕ್ಕಕ್ಕೆ ಹಿಡಿದರೆ ಚೊಕ್ಕ ನಷ್ಟ.

ಇದು ಮೊದಲ ಭೇಟಿಯ ಲೆಕ್ಕ. ನಿಜವಾದ ಪೆಟ್ಟು ಎರಡನೇ ಭೇಟಿಯದ್ದು. 90ಕ್ಕೆ ಇಳಿಸಿ ಹೋದ ಊರಿಗೆ ಕೆಲವೇ ದಿನಗಳಲ್ಲಿ ಮತ್ತೆ ಬಂದರೆ ರೇಟು 200ಕ್ಕೆ ಏರಿರುವುದಿಲ್ಲ. 160ಕ್ಕೆ ಬಂದಿದೆ ಅಂತ ಇಟ್ಟುಕೊಂಡರೂ, 200 ಗಂಬಳಿಗೆ 29,000 ಬರುತ್ತದೆ, ಲಾಭ 9,000. ಮೊದಲು 17,000 ಕೊಟ್ಟ ಅದೇ ಸರಕು, ಅದೇ ದಾರಿ, ಅದೇ ಹಡಗು. ದಾರಿ ಹತ್ತಿರದ್ದು ಅನ್ನುವುದೇ ಇದರ ಗುಣ, ಅದೇ ಇದರ ದೋಷ. ಬೇಗ ಹೋಗಿ ಬೇಗ ಬರುವವನು ಊರಿಗೆ ಉಸಿರಾಡಲು ಬಿಡುವುದಿಲ್ಲ.

ಅಳಿಯ ಸ್ವಲ್ಪ ಹೊತ್ತು ಹಾಳೆ ನೋಡಿದ. "ಹಾಗಾದರೆ ಹಡಗು ಮಾರಬೇಕಾ?" ಅಂತ ಕೇಳಿದ. ಬೇಸರ ಆಗಿತ್ತು. ಆ ಹಡಗುಗಳಿಗೆಲ್ಲ ಹೆಸರಿಟ್ಟಿದ್ದ.

ಮಾರುವುದೂ ಒಂದು ದಾರಿಯೇ. ಆದರೆ ಅದಕ್ಕಿಂತ ಮೊದಲು ಬೇರೆ ದಾರಿಗಳನ್ನು ತೂಗಿ ನೋಡಬೇಕಿತ್ತು.

ಸುಮ್ನೆ ಕಾಯುವುದು ಒಂದು. ಆಟದಲ್ಲಿ ಛತ್ರದಂಥ ಜಾಗ ಉಂಟು, ಅಲ್ಲಿ ಮಲಗಿ ದಿನ ಕಳೆಯಬಹುದು. ರೇಟು ಏರುವ ತನಕ ಮಲಗಿದರೆ ಆಯಿತು, ಕಷ್ಟವೇ ಇಲ್ಲ. ತುಂಬಾ ಜನ ಹೀಗೆ ಮಾಡುತ್ತಾರೆ. ನನಗೆ ಇದು ಸೋಮಾರಿಯ ಉಪಾಯ ಅನಿಸುತ್ತದೆ. ಮಲಗಿದ ದಿನವೂ ದಿನವೇ. ಆ ದಿನಗಳಲ್ಲಿ ಹಡಗು ಇನ್ನೊಂದು ಊರಿಗೆ ಹೋಗಿ ಬಂದಿದ್ದರೆ, ಊರಿಗೆ ಬೇಕಾದ ವಿಶ್ರಾಂತಿಯೂ ಸಿಗುತ್ತಿತ್ತು, ನಿಮಗೆ ದುಡ್ಡೂ ಸಿಗುತ್ತಿತ್ತು.

ಇನ್ನೊಂದು, ಅಳಿಯನಿಗೆ ಬಹಳ ದಿನದಿಂದ ಆಸೆ ಇದ್ದದ್ದು: ಕಲ್ಲಿಕೋಟೆಗೆ ಹೋಗಿ ಕಾಳುಮೆಣಸು ತರುವುದು. ನಮ್ಮ ಕಡೆಯ ಹುಡುಗ ಅಲ್ವಾ, ಆಟದ ಭೂಪಟದಲ್ಲಿ ಪಶ್ಚಿಮ ಕರಾವಳಿ ಕಂಡರೆ ಸಾಕು, ಕುಂಬಳೆ ಎಲ್ಲಿ, ಬೇಕಲ ಎಲ್ಲಿ ಅಂತ ಬೆರಳಿಡುತ್ತಾನೆ. ಗೋವಾ ಉಂಟು, ಕಲ್ಲಿಕೋಟೆ ಉಂಟು. ನಡುವೆ ನಾವು ಇಲ್ಲ. ಅದು ಅವನಿಗೆ ಒಂದು ಸಿಟ್ಟು. ಬೇಕಲದ ಕೋಟೆಯಾದರೆ ಆಟದ ಕಾಲಕ್ಕಿಂತ ನಂತರದ್ದು, ಕೆಳದಿಯ ಶಿವಪ್ಪ ನಾಯಕನ ಕಾಲದ್ದು, 17ನೇ ಶತಮಾನ. ಅದನ್ನು ಹೇಳಿದರೂ ಸಮಾಧಾನ ಆಗಲಿಲ್ಲ.

ಮೆಣಸಿನ ವಿಷಯಕ್ಕೆ ಬರೋಣ. ಪೂರ್ವದ ಮಸಾಲೆ ಯುರೋಪಿನಲ್ಲಿ ಒಳ್ಳೆ ರೇಟಿಗೆ ಹೋಗುತ್ತದೆ, ಇದು ಆಟದಲ್ಲೂ ನಿಜ, ಇತಿಹಾಸದಲ್ಲೂ ನಿಜ. ಒಂದು ಮೂಟೆ ಮೇಲಿನ ಲಾಭ ನೋಡಿದರೆ ಗಂಬಳಿ ಅದರ ಹತ್ತಿರವೂ ಬರಲಿಕ್ಕಿಲ್ಲ. ಆದರೆ ಇಸ್ತಾಂಬುಲ್ಲಿನಿಂದ ಕಲ್ಲಿಕೋಟೆಗೆ ಹಡಗಿನಲ್ಲಿ ಹೋಗುವುದು ಅಂದರೆ ಮೆಡಿಟರೇನಿಯನ್ ಪೂರ್ತಿ ದಾಟಿ, ಜಿಬ್ರಾಲ್ಟರಿನಿಂದ ಹೊರಬಿದ್ದು, ಆಫ್ರಿಕಾ ಸುತ್ತಿ ಬರಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಲಿಗೆ ಅದು ಸಿಗುವುದಿಲ್ಲ.

ಇಲ್ಲಿ ಮತ್ತೆ ಹಾಳೆ ತೆಗೆದೆ. ಗಂಬಳಿಯ ಮೊದಲ ಲೆಕ್ಕದಲ್ಲಿ 200 ಗಂಬಳಿಗೆ 17,000 ಲಾಭ, ಅಂದರೆ ಒಂದಕ್ಕೆ ಸರಾಸರಿ 85. ಮೆಣಸಿನಲ್ಲಿ ಅದರ ಐದು ಪಟ್ಟು, 425 ಸಿಗುತ್ತದೆ ಅಂತ ಧಾರಾಳವಾಗಿ ಇಟ್ಟುಕೊಳ್ಳೋಣ. 200 ಮೂಟೆಗೆ 85,000. ಕೇಳಿದರೆ ಬಾಯಲ್ಲಿ ನೀರು. ಆದರೆ ಹೋಗಿ ಬರಲು 200 ದಿನ ಹಿಡಿದರೆ ದಿನಕ್ಕೆ ಬಿದ್ದದ್ದು 425. ಗಂಬಳಿ ದಾರಿಯಲ್ಲಿ 10 ದಿನಕ್ಕೆ 17,000 ಅಂದರೆ ದಿನಕ್ಕೆ 1,700. ರೇಟು ಕುಸಿದು 9,000 ಆದಾಗಲೂ ದಿನಕ್ಕೆ 900. ಕೆಟ್ಟು ಹೋಯಿತು ಅಂತ ಅವನು ಗೋಳಾಡುತ್ತಿದ್ದ ದಾರಿಯೇ ಮೆಣಸಿನ ದಾರಿಗಿಂತ ಎರಡು ಪಟ್ಟು ಕೊಡುತ್ತಿತ್ತು! ಈ ಅಂಕಿಗಳೂ ಉದಾಹರಣೆಗೆ ಮಾತ್ರ, ಆಟದೊಳಗಿನ ದಿನಗಳನ್ನು ನೀವೇ ಎಣಿಸಿ ಹಾಕಿಕೊಳ್ಳಿ. ಹೇಳಬೇಕಾದದ್ದು ಒಂದೇ: ಮೂಟೆಗೆ ಎಷ್ಟು ಅಂತ ಕೇಳಬೇಡಿ, ದಿನಕ್ಕೆ ಎಷ್ಟು ಅಂತ ಕೇಳಿ.

ದೂರದ ದಾರಿಗೆ ಇನ್ನೊಂದು ಖರ್ಚು ಉಂಟು, ಅದು ರೇಟಿನ ಪಟ್ಟಿಯಲ್ಲಿ ಕಾಣುವುದಿಲ್ಲ. ಈ ಆಟದಲ್ಲಿ ಹಡಗಿನ ಜಾಗವನ್ನು ಖಲಾಸಿಗಳು, ಫಿರಂಗಿ, ಸರಕು ಹಂಚಿಕೊಳ್ಳುತ್ತಾರೆ. ಅನ್ನ, ನೀರು ಕೂಡ ಸರಕಿನ ಜಾಗದಲ್ಲೇ ಕೂರುತ್ತವೆ. ಕೆಲವು ದಿನದ ಪಯಣಕ್ಕೆ ಮೂಲೆಯಲ್ಲಿ ಸ್ವಲ್ಪ ಇಟ್ಟರೆ ಸಾಕು. ಆಫ್ರಿಕಾ ಸುತ್ತುವವನಿಗೆ ಹಡಗಿನ ದೊಡ್ಡ ಪಾಲು ಊಟಕ್ಕೇ ಹೋಗುತ್ತದೆ. ಮಧ್ಯೆ ಮಧ್ಯೆ ಬಂದರು ಹಿಡಿದು ತುಂಬಿಸಿಕೊಂಡರೆ ಜಾಗ ಉಳಿಯುತ್ತದೆ, ದಿನ ಹಾಳಾಗುತ್ತದೆ. ಹಣ್ಣು ತರಕಾರಿ ಇಲ್ಲದೆ ಸ್ಕರ್ವಿ ಎಂಬ ರೋಗ ಬರುತ್ತದೆ, ಅದಕ್ಕೆ ನಿಂಬೆ ರಸ ಬೇಕು. ಇಲಿ ಬರುತ್ತದೆ, ಅದಕ್ಕೆ ಬೆಕ್ಕು ಬೇಕು. ಬಿರುಗಾಳಿಗೆ ಸಿಕ್ಕಿದರೆ ಹಡಗೇ ಹಾಳು.

ಇತಿಹಾಸದಲ್ಲೂ ಈ ದಾರಿ ಹೀಗೇ ದುಬಾರಿ. ವಾಸ್ಕೊ ಡ ಗಾಮ 1497ರ ಜುಲೈಯಲ್ಲಿ ಲಿಸ್ಬನ್ ಬಿಟ್ಟವನು ಕಲ್ಲಿಕೋಟೆ ಕಂಡದ್ದು 1498ರ ಮೇಯಲ್ಲಿ. ಆಫ್ರಿಕಾದ ಮಾಲಿಂದಿಯಿಂದ ಇಲ್ಲಿಗೆ ಬರಲು ಅವನಿಗೆ ಒಂದು ತಿಂಗಳೂ ಬೇಕಾಗಲಿಲ್ಲ, ಮಳೆಗಾಲದ ಗಾಳಿ ಹಿಂದಿನಿಂದ ತಳ್ಳಿತು. ವಾಪಸ್ಸು ಹೋಗುವಾಗ ಗಾಳಿಯ ಲೆಕ್ಕ ನೋಡದೆ ಹೊರಟ. ಅದೇ ಕಡಲು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು, ಎಷ್ಟೋ ಜನ ಸ್ಕರ್ವಿಯಿಂದ ಸತ್ತರು. ನಂತರದ ಪೋರ್ಚುಗೀಸರು ಪಾಠ ಕಲಿತರು. ಮಾರ್ಚ್, ಏಪ್ರಿಲ್ ಹೊತ್ತಿಗೆ ಲಿಸ್ಬನ್ ಬಿಡುವುದು, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇಲ್ಲಿ ಮುಟ್ಟುವುದು, ಡಿಸೆಂಬರ್, ಜನವರಿಯಲ್ಲಿ ಮೆಣಸು ತುಂಬಿಸಿ ಹೊರಡುವುದು. ಒಂದು ಸುತ್ತಿಗೆ ಒಂದೂವರೆ ವರ್ಷ. ಮಳೆಗಾಲದಲ್ಲಿ ನಮ್ಮ ಕಡಲು ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಈಗ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನ ಟ್ರಾಲಿಂಗ್ ನಿಷೇಧ, ಅಂದರೆ ಯಂತ್ರದ ಬೋಟುಗಳು ಬಲೆ ಎಳೆದು ಮೀನು ಹಿಡಿಯುವ ಹಾಗಿಲ್ಲ. ಅದು ಮುಖ್ಯವಾಗಿ ಮೀನು ಮೊಟ್ಟೆ ಇಡುವ ಕಾಲ ಅಂತ. ಆದರೂ ಆ ದಿನಗಳಲ್ಲಿ ಕುಂಬಳೆಯ ಕಡಪ್ಪುರಕ್ಕೆ, ಅಂದರೆ ಕಡಲ ದಡಕ್ಕೆ, ಹೋಗಿ ತೆರೆ ನೋಡಿದವನಿಗೆ ಹಾಯಿ ಹಡಗಿನವರು ಯಾಕೆ ಹೆದರುತ್ತಿದ್ದರು ಅಂತ ಗೊತ್ತಾಗುತ್ತದೆ.

ಮೆಣಸಿನ ಹಿಂದೆ ಎಲ್ಲರೂ ಓಡಿದ ಆ ಕಾಲದಲ್ಲೇ ನಮ್ಮ ಕರಾವಳಿಯ ದೊಡ್ಡ ವ್ಯಾಪಾರ ಯಾವುದು ಗೊತ್ತುಂಟಾ? ಅಕ್ಕಿ. ಬಸ್ರೂರು, ಬಾರ್ಕೂರು, ಮಂಗಳೂರು ಕಡೆಯಿಂದ ಅಕ್ಕಿ ದಕ್ಷಿಣಕ್ಕೆ ಮಲಬಾರಿಗೆ, ಉತ್ತರಕ್ಕೆ ಗೋವಾಕ್ಕೆ, ಕಡಲಾಚೆ ಹೋರ್ಮುಜ್‌ಗೆ ಹೋಗುತ್ತಿತ್ತು. ಮೆಣಸು ಬೆಳೆಯುವ ಮಲಬಾರಿಗೆ ತನ್ನ ಅಕ್ಕಿ ಸಾಲುತ್ತಿರಲಿಲ್ಲ. ಗೋವಾದ ಪೋರ್ಚುಗೀಸರ ಊಟವೂ ಇದರ ಮೇಲೆಯೇ ನಿಂತಿತ್ತು. 1568–69ರಲ್ಲಿ ಅವರು ಮಂಗಳೂರು, ಹೊನ್ನಾವರ, ಬಸ್ರೂರಿನಲ್ಲಿ ಕೋಟೆ ಕಟ್ಟಿಕೊಂಡದ್ದಕ್ಕೆ ಈ ಅಕ್ಕಿಯೂ ಒಂದು ಕಾರಣ. ಅಕ್ಕಿಯಲ್ಲಿ ಮೂಟೆಗೆ ಸಿಗುವ ಲಾಭ ಕಡಿಮೆ. ಆದರೆ ದಾರಿ ಹತ್ತಿರ, ಕೊಳ್ಳುವವರು ಒಂದು ಊರಲ್ಲ, ಹತ್ತು ಊರು. ಬೇಡಿಕೆ ವರ್ಷ ವರ್ಷವೂ ಬರುತ್ತದೆ. ಅಳಿಯನಿಗೆ ಇದನ್ನು ಹೇಳಿದ್ದು ಊರಿನ ಅಭಿಮಾನಕ್ಕಲ್ಲ. ಅವನ ತಂಡಕ್ಕೆ ಬೇಕಾಗಿದ್ದದ್ದು ಹೆಚ್ಚು ಬೆಲೆಯ ಸರಕು ಅಲ್ಲ, ಹೆಚ್ಚು ಊರುಗಳು.

ಇದನ್ನು ಒಪ್ಪಿಸಲು ಸ್ವಲ್ಪ ಕಷ್ಟವೇ ಆಯಿತು. ಹತ್ತು ಹಡಗಿನ ಒಡೆಯನಿಗೆ ಇನ್ನೂ ಅಕ್ಕಪಕ್ಕದ ಊರಲ್ಲೇ ಸುತ್ತುವುದು ಅಂದರೆ ಅವಮಾನ. ದೂರ ಹೋಗಬೇಕು, ದೊಡ್ಡದು ಮಾಡಬೇಕು ಅನ್ನುವ ಹಟ. "ಹೋಗು ಮಾರಾಯ, ಯಾರು ಬೇಡ ಅಂದರು, ಆದರೆ ವ್ಯಾಪಾರಕ್ಕೆ ಅಂತ ಹೋಗಬೇಡ, ಊರು ನೋಡಲು ಹೋಗು" ಅಂದೆ. ಹೊಸ ಬಂದರು ಹುಡುಕಿದರೆ, ಹೊಸ ಸಂಗತಿ ಕಂಡರೆ ಆಟದಲ್ಲಿ ಸಾಹಸದ ಹೆಸರು ಬರುತ್ತದೆ, ಅದಕ್ಕೆ ಬೆಲೆ ಉಂಟು. ಎರಡನ್ನೂ ಒಂದೇ ಪಯಣದಲ್ಲಿ ಕಲಸಿದರೆ ಲೆಕ್ಕ ಹಾಳು.

ಕೊನೆಗೆ ಮಾಡಿದ್ದು ಹೀಗೆ.

ಮೊದಲು, ಒಂದು ಊರಲ್ಲಿ ಎಷ್ಟು ಮಾರಬೇಕು ಅನ್ನುವುದಕ್ಕೆ ಮಿತಿ ಹಾಕಿಕೊಂಡ. ರೇಟು ಒಂದು ಗೆರೆಗಿಂತ ಕೆಳಗೆ ಇಳಿದರೆ ಮಾರುವುದು ನಿಲ್ಲಿಸಬೇಕು, ಉಳಿದದ್ದು ಹಡಗಿನಲ್ಲೇ ಇರಲಿ. ಗೆರೆ ಎಲ್ಲಿ ಅಂತ ನಾವು ತುಂಬಾ ಜಗಳ ಆಡಿದೆವು. ಕೊಂಡ ಬೆಲೆಯೇ ಗೆರೆ ಅಂತ ಅವನ ವಾದ: ನಷ್ಟ ಆಗದಿದ್ದರೆ ಸಾಕು. ಅದು ತಪ್ಪು. ಆ ಮೂಟೆಯನ್ನು ಮುಂದಿನ ಊರಲ್ಲಿ ಎಷ್ಟಕ್ಕೆ ಮಾರಬಹುದು, ಅದೇ ಗೆರೆ. ಅಥೆನ್ಸಿನಲ್ಲಿ 140 ಸಿಗುತ್ತಿದೆ, ಮುಂದಿನ ಬಂದರಿನಲ್ಲಿ 170 ಸಿಗಬಹುದು ಅಂತಾದರೆ 140ಕ್ಕೆ ಯಾಕೆ ಮಾರಬೇಕು? ಲಾಭದಲ್ಲಿ ಮಾರಿದೆ ಅನ್ನುವ ಸಮಾಧಾನಕ್ಕೆ 30 ಬಿಟ್ಟುಕೊಟ್ಟ ಹಾಗೆ. ಜೊತೆಗೆ ಅಥೆನ್ಸಿನ ರೇಟನ್ನು ಇನ್ನಷ್ಟು ಇಳಿಸಿ, ಮುಂದಿನ ಭೇಟಿಯ ತನ್ನ ಲಾಭಕ್ಕೆ ತಾನೇ ಕತ್ತರಿ ಹಾಕಿದ ಹಾಗೆ.

ಆಮೇಲೆ ಎರಡು ಊರಿನ ದಾರಿಯನ್ನು ಬಿಚ್ಚಿ ಬಳೆಯ ಹಾಗೆ ಮಾಡಿದ. ಇಸ್ತಾಂಬುಲ್ಲಿನಿಂದ ಗಂಬಳಿ, ಅಥೆನ್ಸಿನಲ್ಲಿ ಸ್ವಲ್ಪ ಮಾರಿ ಕಲಾಕೃತಿ ತುಂಬಿಸಿ, ಉಳಿದ ಗಂಬಳಿಯ ಜೊತೆ ಪಶ್ಚಿಮಕ್ಕೆ ಇಟಲಿಯ ಬಂದರುಗಳಿಗೆ. ನೇಪಲ್ಸ್, ಜಿನೋವಾ, ಕೆಲವು ಸಲ ವೆನಿಸ್. ಅಲ್ಲಿ ಸಿಗುವ ಸರಕಿನಲ್ಲಿ ಪೂರ್ವದಲ್ಲಿ ಹೋಗುವಂಥದ್ದನ್ನು ಕೊಂಡು ಅಲೆಕ್ಸಾಂಡ್ರಿಯಾ ಕಡೆಯಿಂದ ತಿರುಗಿ ಇಸ್ತಾಂಬುಲ್ಲಿಗೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಮೊದಲು ಬಿಟ್ಟು ಬಂದ ಊರಿನ ರೇಟು ಮತ್ತೆ ಚೇತರಿಸಿಕೊಂಡಿರುತ್ತದೆ. ಯಾವ ಊರಲ್ಲಿ ಯಾವ ಸರಕು ಎಷ್ಟು ಅಂತ ಇಲ್ಲಿ ಪಟ್ಟಿ ಕೊಡುವುದಿಲ್ಲ. ರೇಟು ಏರಿಳಿಯುತ್ತಲೇ ಇರುತ್ತದೆ, ಇವತ್ತಿನ ಪಟ್ಟಿ ನಾಳೆ ಸುಳ್ಳು. ಪುಸ್ತಕ ಬರೆಯುವವನಿಗೆ ಪಟ್ಟಿ ತಾನಾಗಿಯೇ ಬರುತ್ತದೆ.

ಇತಿಹಾಸ ಓದಿದವರಿಗೆ ಈ ಬಳೆ ಹೊಸದಲ್ಲ. ಅಲಿಯ ಕಾಲದ ನಿಜವಾದ ವ್ಯಾಪಾರಿಗಳು ಮೆಣಸು ಬೇಕಾದರೆ ಆಫ್ರಿಕಾ ಸುತ್ತುತ್ತಿರಲಿಲ್ಲ, ಅಲೆಕ್ಸಾಂಡ್ರಿಯಾಕ್ಕೆ ಹೋಗುತ್ತಿದ್ದರು. ನಮ್ಮ ಕರಾವಳಿಯ ಮೆಣಸು ಕೆಂಪು ಸಮುದ್ರದ ದಾರಿಯಲ್ಲಿ ಈಜಿಪ್ಟಿಗೆ ಹೋಗಿ, ಅಲ್ಲಿಂದ ವೆನಿಸ್ಸಿನವರ ಹಡಗು ಹತ್ತುತ್ತಿತ್ತು. 1517ರಲ್ಲಿ ಈಜಿಪ್ಟೇ ಆಟೊಮನ್ನರ ಕೈಗೆ ಬಂತು. ಪೋರ್ಚುಗೀಸರು ಈ ದಾರಿ ಮುಚ್ಚಲು ಎಷ್ಟು ಹೊಡೆದಾಡಿದರೂ ಅದು ಪೂರ್ತಿ ಸಾಯಲಿಲ್ಲ, ಅದೇ ಶತಮಾನದಲ್ಲಿ ಮತ್ತೆ ಚಿಗುರಿತು. ಒಬ್ಬನೇ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊರುವುದರ ಬದಲು ಕೈಯಿಂದ ಕೈಗೆ ದಾಟಿಸುವ ವ್ಯಾಪಾರ ಅದು. ಪ್ರತಿಯೊಬ್ಬನದ್ದೂ ಗಿಡ್ಡ ದಾರಿ.

ಹಡಗುಗಳ ವಿಷಯದಲ್ಲಿ ಸ್ವಲ್ಪ ನೋವಿನ ಕೆಲಸ ಆಯಿತು. ತಂಡ ಓಡುವುದು ಅತಿ ನಿಧಾನದ ಹಡಗಿನ ವೇಗದಲ್ಲಿ. ಅವನ ತಂಡದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡ ಹಳೆ ಭಾರದ ಹಡಗುಗಳು ಇದ್ದವು. ಅವು ಹೊರುತ್ತಿದ್ದದ್ದು ಕೊನೆಯ ಕಂತಿನ ಸರಕು, ಅಂದರೆ ಲಾಭವೇ ಇಲ್ಲದ ಸರಕು. ಅಷ್ಟು ಹೊತ್ತದ್ದಕ್ಕೆ ಉಳಿದ ಎಲ್ಲ ಹಡಗುಗಳ ದಿನಗಳನ್ನೂ ತಿನ್ನುತ್ತಿದ್ದವು. ಅವನ್ನು ಮಾರಿದ. ಉಳಿದವುಗಳಲ್ಲಿ ಬೇಡದ ಫಿರಂಗಿ ತೆಗೆಸಿ, ಖಲಾಸಿಗಳನ್ನು ಹಡಗು ಓಡಿಸಲು ಬೇಕಾದಷ್ಟಕ್ಕೆ ಇಳಿಸಿ, ಸರಕಿನ ಜಾಗ ಹೆಚ್ಚಿಸಿದ. ಜನ ಕಡಿಮೆ ಆದರೆ ಕಡಲ್ಗಳ್ಳರು ಬಂದಾಗ ಓಡುವುದೊಂದೇ ದಾರಿ, ಅದಕ್ಕೆ ವೇಗ ಬೇಕು. ಹಳೆ ಹಡಗು ಮಾರಿದ್ದು ಅಲ್ಲೂ ಉಪಯೋಗಕ್ಕೆ ಬಂತು. ನನಗೆ ಕೇಳಿದರೆ ಎರಡು ಹಡಗಿನಲ್ಲಾದರೂ ಫಿರಂಗಿ ಬಿಡಬೇಕಿತ್ತು. ಅವನು ಕೇಳಲಿಲ್ಲ, ಇಷ್ಟರ ತನಕ ಅವನಿಗೆ ತೊಂದರೆಯೂ ಆಗಿಲ್ಲ.

ಬಂದ ಫಲ: ಒಂದು ಸುತ್ತಿನ ಒಟ್ಟು ಲಾಭ ಹಳೆಯ ಅವಸ್ಥೆಗಿಂತ ಚೆನ್ನಾಗಿ ಏರಿತು. ಸುತ್ತು ಉದ್ದ ಆದ್ದರಿಂದ ದಿನದ ಲೆಕ್ಕದಲ್ಲಿ ಅಷ್ಟು ದೊಡ್ಡ ಜಿಗಿತ ಇಲ್ಲ. ಸಣ್ಣ ತಂಡ ಇದ್ದಾಗಿನ ಒಳ್ಳೆ ದಿನಗಳಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಅವನು ಇನ್ನೂ ಜಾಸ್ತಿ ನಿರೀಕ್ಷೆ ಮಾಡಿದ್ದ. ಆದರೆ ಪುಸ್ತಕದಲ್ಲಿ ಒಂದು ವಿಷಯ ಸ್ಪಷ್ಟ ಕಾಣುತ್ತಿತ್ತು. ಸುತ್ತಿನಿಂದ ಸುತ್ತಿಗೆ ಲಾಭ ಕುಸಿಯುವುದು ನಿಂತಿತ್ತು. ಮೊದಲಿನ ಹಾಳೆಯಲ್ಲಿ ಅಂಕಿ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿತ್ತು, ಈಗ ಹೆಚ್ಚು ಕಡಿಮೆ ಸಮ. ಅಥೆನ್ಸಿನಲ್ಲಿ ರೇಟು ಕೆಟ್ಟಿದ್ದರೆ ಆ ಸರಕು ನೇಪಲ್ಸಿಗೆ ಹೋಗುತ್ತದೆ, ನೇಪಲ್ಸ್ ಕೆಟ್ಟಿದ್ದರೆ ಜಿನೋವಾಕ್ಕೆ. ಒಂದು ಊರು ಕೈಕೊಟ್ಟರೆ ಸುತ್ತು ಪೂರ್ತಿ ಮುಳುಗುವುದಿಲ್ಲ.

ಈಗ ಉಳಿದಿರುವ ಚರ್ಚೆ ಬಂಡವಾಳ ಹಾಕುವುದರ ಬಗ್ಗೆ. ಈ ಆಟದಲ್ಲಿ ಊರಿನ ಮಾರುಕಟ್ಟೆಗೆ ನಿಮ್ಮ ದುಡ್ಡು ಹಾಕಬಹುದು. ಹಾಕಿದರೆ ಊರಿನ ವ್ಯಾಪಾರ ಬೆಳೆಯುತ್ತದೆ, ನಿಮ್ಮ ದೇಶದ ಕಡೆಗೆ ಆ ಊರಿನ ಒಲವೂ ಹೆಚ್ಚುತ್ತದೆ. ಹಡಗು ಕಟ್ಟುವ ಜಾಗಕ್ಕೂ ಹಾಗೇ ಹಾಕಬಹುದು, ಆಗ ಕೈಗಾರಿಕೆ ಬೆಳೆಯುತ್ತದೆ. ಅಳಿಯನಿಗೆ ಬಳೆಯ ಎಲ್ಲ ಊರಿಗೂ ಸ್ವಲ್ಪ ಸ್ವಲ್ಪ ಹಾಕುವ ಆಸೆ. ಯಾರಿಗೂ ಬೇಸರ ಆಗಬಾರದು ಅಂತ ಮದುವೆಯ ಉಡುಗೊರೆ ಹಂಚುವವರ ಬುದ್ಧಿ. ನಾನು ಹೇಳುವುದು, ಒಂದೇ ಊರು ಆರಿಸು, ಸುತ್ತಿನಲ್ಲಿ ಯಾವ ಊರಿನ ರೇಟು ಬೇಗ ಕುಸಿಯುತ್ತದೋ ಅಲ್ಲಿ ಹಾಕು, ಹಾಕುವ ಮೊದಲಿನ ರೇಟು, ಹಾಕಿದ ಮೇಲಿನ ರೇಟು ಎರಡನ್ನೂ ಬರೆದಿಡು. ಹಾಕಿದ ದುಡ್ಡು ಎಷ್ಟು ಸುತ್ತಿನಲ್ಲಿ ವಾಪಸ್ಸು ಬರುತ್ತದೆ ಅಂತ ಗೊತ್ತಾದ ಮೇಲೆ ಎರಡನೇ ಊರು. ಸದ್ಯಕ್ಕೆ ನೇಪಲ್ಸ್ ಅಂತ ತೀರ್ಮಾನ ಆಗಿದೆ. ಅವನ ಪರೀಕ್ಷೆ ಮುಗಿದ ಮೇಲೆ ಹಾಕುವುದು. ಪರೀಕ್ಷೆ ಅಂದರೆ ಕಾಲೇಜಿನದ್ದು, ಅಕ್ಕನ ಆಜ್ಞೆ.